‘ಪುಟ್ ಆಫ್’ ಕನ್ನಡಕ್ಕೆ ತರುವಾಗ

ಅನುವಾದದಲ್ಲಿ ‘ಪುಟ್ ಆಫ್’ ಎದುರಾದರೆ ನಾನು ಮೊದಲು ನೋಡುವುದು ಅದರ ಕರ್ಮಪದವನ್ನು. ಕೆಲಸವೋ ಮನುಷ್ಯನೋ ಎಂದು ಗೊತ್ತಾದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಸಭೆ, ಪ್ರಯಾಣದಂಥವಿದ್ದರೆ ‘ಮುಂದೂಡು’. ಆದರೆ ಈ ಪದಕ್ಕೆ ಕಚೇರಿಯ ವಾಸನೆ. ಅದರ ಜೋಡಿ ‘ಪೋಸ್ಟ್‌ಪೋನ್’. ‘ಪುಟ್ ಆಫ್’ ಆಡುಮಾತಿನದು, ಹಲವು ಸಲ ಒಲ್ಲದ ಮನಸ್ಸೂ ಅದರಲ್ಲಿ ಇಣುಕುತ್ತದೆ. ‘ಐ ಕೀಪ್ ಪುಟಿಂಗ್ ಆಫ್ ಗೋಯಿಂಗ್ ಟು ದ ಡೆಂಟಿಸ್ಟ್’ ಎಂಬುದಕ್ಕೆ ‘ಮುಂದೂಡುತ್ತಲೇ ಇದ್ದೇನೆ’ ಎಂದರೆ ತಪ್ಪಲ್ಲ, ಸಪ್ಪೆ. ‘ಹಲ್ಲಿನ ಡಾಕ್ಟರ ಹತ್ತಿರ ಹೋಗೋದನ್ನ ಇವತ್ತು ನಾಳೆ ಅಂತ ತಳ್ಳುತ್ತಲೇ ಇದ್ದೀನಿ’ ಎಂದು ಬರೆಯುತ್ತೇನೆ. ಅಲ್ಲಿನ ‘ಗೋಯಿಂಗ್’ ಗಮನಿಸಿ. ‘ಪುಟ್ ಆಫ್ ಟು ಗೋ’ ಎನ್ನುವಂತಿಲ್ಲ. ನಮ್ಮ ‘ಹೋಗುವುದನ್ನು’ ಹೇಗೆ ನಾಮಪದದಂತೆ ವಿಭಕ್ತಿ ಹಚ್ಚಿಕೊಳ್ಳುತ್ತದೋ ‘ಗೋಯಿಂಗ್’ ಕೂಡ ಹಾಗೇ ನಾಮಪದದ ಜಾಗದಲ್ಲಿ ಕೂತಿದೆ.

ಕೈತಪ್ಪುವ ಇನ್ನೊಂದು ಜಾಗ ‘ಟಿಲ್’. ‘ಪುಟ್ ಆಫ್ ಟಿಲ್ ಫ್ರೈಡೇ’ ಎಂದರೆ ‘ಶುಕ್ರವಾರಕ್ಕೆ ಮುಂದೂಡಿದರು’. ‘ಶುಕ್ರವಾರದವರೆಗೆ’ ಎಂದು ಬರೆದರೆ ಅಂದು ಸಭೆ ಉಂಟೋ ಇಲ್ಲವೋ ಎಂದು ಓದುಗ ತಡವರಿಸುತ್ತಾನೆ. ‘ಫಾರ್ ಎ ವೀಕ್’ ಬಂದರೆ ‘ಒಂದು ವಾರ ಮುಂದೂಡಿದರು’, ವಿಭಕ್ತಿ ಬೇಡ. ‘ಕಾಲ್ ಆಫ್’ ಬೇರೆಯೇ: ಅದು ರದ್ದು. ಇವೆರಡನ್ನು ಅದಲುಬದಲು ಮಾಡಿದರೆ ನಡೆಯಬೇಕಾದ ಸಭೆಗೆ ಯಾರೂ ಬರುವುದಿಲ್ಲ.

ಕರ್ಮಪದ ಮನುಷ್ಯನಾದರೆ ದಾರಿ ಮೂರಾಗಿ ಒಡೆಯುತ್ತದೆ. ಸಾಲ ಕೇಳಲು ಬಂದವನನ್ನು ‘ಪುಟ್ ಆಫ್’ ಮಾಡಿದರೆ, ಏನೋ ನೆಪ ಹೇಳಿ ಸಾಗಹಾಕಿದಂತೆ. ‘ದ ಸ್ಮೆಲ್ ಪುಟ್ ಮಿ ಆಫ್’ ಎಂದರೆ ‘ಆ ವಾಸನೆಗೆ ಬೇಡವೇ ಬೇಡ ಅನ್ನಿಸಿಬಿಟ್ಟಿತು’. ‘ಡೋಂಟ್ ಸ್ಟೇರ್, ಯು ಆರ್ ಪುಟಿಂಗ್ ಮಿ ಆಫ್’ ಎಂದರೆ ‘ಹಾಗೆ ದಿಟ್ಟಿಸಬೇಡ, ಗಮನ ತಪ್ಪುತ್ತೆ’. ಮೂರಕ್ಕೂ ಹೊಂದುವ ಒಂದೇ ಕನ್ನಡ ಪದ ಹುಡುಕುವುದು ವ್ಯರ್ಥ. ‘ನಿರುತ್ಸಾಹಗೊಳಿಸು’ ಎಂದು ನಿಘಂಟಿನಿಂದ ಎತ್ತಿ ಇಟ್ಟ ವಾಕ್ಯಗಳನ್ನು ತಿದ್ದುವಾಗ ನಾನು ಮೊದಲು ಅಳಿಸುವುದು ಅದನ್ನೇ.

ದೀಪ ಆರಿಸುವ ಅರ್ಥವೂ ಇದೆ. ಇಂಗ್ಲಿಷಿನಲ್ಲಿ ಬರೆಯಬೇಕಾದಾಗ ನಾನು ‘ಟರ್ನ್ ಆಫ್’ ಹಾಕುತ್ತೇನೆ, ಗೊಂದಲವಿಲ್ಲ.

ಪದಗಳ ಜಾಗ: ‘ಪುಟ್ ಆಫ್ ದ ಮೀಟಿಂಗ್’, ‘ಪುಟ್ ದ ಮೀಟಿಂಗ್ ಆಫ್’ ಎರಡೂ ಸರಿ. ಸರ್ವನಾಮ ಮಾತ್ರ ನಡುವೆಯೇ ಬರಬೇಕು: ‘ಪುಟ್ ಇಟ್ ಆಫ್’. ‘ಪುಟ್ ಆಫ್ ಇಟ್’ ಎಂದರೆ ಕೇಳುವವರಿಗೆ ಕೂಡಲೇ ತಟ್ಟುತ್ತದೆ. ಕರ್ಮಪದ ಆರೇಳು ಪದಗಳಷ್ಟು ಉದ್ದವಿದ್ದರೆ ‘ಆಫ್’ ಅನ್ನು ಕೊನೆಗೆ ತಳ್ಳಬೇಡಿ, ಅದು ಬರುವಷ್ಟರಲ್ಲಿ ‘ಪುಟ್’ ಮರೆತೇ ಹೋಗಿರುತ್ತದೆ.