ಹೊಸ ದಾವೆ ಮೇಜಿಗೆ ಬಂದಾಗ: ಕೋರ್ಟ್ ಗುಮಾಸ್ತರು ನೋಡಬೇಕಾದ್ದೇನು?

ಮೈಸೂರು, ಮಂಡ್ಯದ ಸಿವಿಲ್ ನ್ಯಾಯಾಲಯಗಳಿಗೆ ದ್ವಿತೀಯ ದರ್ಜೆ ಸಹಾಯಕರಾಗಿ ಸೇರಿದವರ ಕೈಗೆ ಫೈಲಿಂಗ್ ಮೇಜು ಬಂದರೆ ಎಚ್ಚರದಿಂದಿರಬೇಕು. ಅಲ್ಲಿ ಆದ ತಪ್ಪು ಅಂದೇ ಕಾಣುವುದಿಲ್ಲ. ವರ್ಷಗಳು ಕಳೆದು, ಡಿಕ್ರಿ (ಕೋರ್ಟಿನ ತೀರ್ಪಿನ ಆಜ್ಞೆ) ಅಮಲಿಗೆಂದು ಕೋರ್ಟಿನ ಅಮೀನರು ಜಮೀನಿನಲ್ಲಿ ನಿಂತಾಗ ಕಾಣುತ್ತದೆ.

ವಾದಪತ್ರ (ದಾವೆ ಹೂಡುವವರು ಸಲ್ಲಿಸುವ ಪತ್ರ) ಕೈಗೆ ಬಂದ ಕೂಡಲೇ ದಿನಾಂಕದ ಮುದ್ರೆ ಒತ್ತಿ. ಓದಿ ಮುಗಿಸಿ ಒತ್ತೋಣ ಎಂದು ಪಕ್ಕಕ್ಕಿಡಬೇಡಿ. ಕಾಲಮಿತಿ ಕಾಯ್ದೆ 1963ರ 3ನೇ ಕಲಂ ಪ್ರಕಾರ ಲೆಕ್ಕಕ್ಕೆ ಬರುವುದು ಹಾಜರುಪಡಿಸಿದ ದಿನ, ಕಚೇರಿ ಎತ್ತಿದ ಆಕ್ಷೇಪಣೆ ಸರಿಪಡಿಸಿದ ದಿನವಲ್ಲ. ದಸರಾ ರಜೆ ಮುಗಿದು ಕೋರ್ಟ್ ತೆರೆದ ದಿನವಂತೂ ಇದು ಇನ್ನೂ ಮುಖ್ಯ. ರಜೆಯಲ್ಲಿ ಅವಧಿ ತೀರಿದ ದಾವೆಗೆ 4ನೇ ಕಲಂ ಕೊಡುವ ಅವಕಾಶ ಆ ಒಂದು ದಿನಕ್ಕಷ್ಟೇ. ಮುದ್ರೆಯಲ್ಲಿ ನಿನ್ನೆಯ ತಾರೀಖು ಉಳಿದಿಲ್ಲವೇ ಎಂದು ಬೆಳಿಗ್ಗೆಯೇ ನೋಡಿಕೊಳ್ಳಿ.

ವಕಾಲತ್ತು (ವಕೀಲರನ್ನು ನೇಮಿಸುವ ಪತ್ರ), ಅದರ ಮೇಲೆ ವಕೀಲರ ಸಹಿ ಮತ್ತು ವಕೀಲರ ಕಲ್ಯಾಣ ನಿಧಿ ಸ್ಟ್ಯಾಂಪು, ಕೋರ್ಟ್ ಶುಲ್ಕ, ಪ್ರತಿವಾದಿಗಳಿರುವಷ್ಟು ಪ್ರತಿಗಳು, ದಾಖಲೆಗಳ ಪಟ್ಟಿ: ಇವನ್ನು ಎಣಿಸಿ ನೋಡಿದರೆ ಸಾಕು.

ಎಡವುವುದು ಷೆಡ್ಯೂಲಿನಲ್ಲಿ, ಅಂದರೆ ದಾವೆಯ ಆಸ್ತಿಗಳ ವಿವರ ಪಟ್ಟಿಯಲ್ಲಿ. ಈ ಭಾಗದಲ್ಲಿ ಜಮೀನಿನ ಪಾಲು ವಿಭಾಗದ ದಾವೆಗಳು ಬರುತ್ತಲೇ ಇರುತ್ತವೆ. ಒಂದೊಂದರಲ್ಲೂ ಆರೇಳು ಐಟಂ ಇರುವುದುಂಟು. ಪಹಣಿಯನ್ನು ಎಡಗಡೆ, ಷೆಡ್ಯೂಲನ್ನು ಬಲಗಡೆ ಇಟ್ಟುಕೊಂಡು ಒಂದೊಂದೇ ಐಟಂ ಬೆರಳಿಟ್ಟು ಓದಿ. ಸರ್ವೆ ನಂಬರು ಸರಿಯಿದ್ದು ಹಿಸ್ಸಾ (ಅದರ ಉಪಭಾಗದ ಸಂಖ್ಯೆ) ಬಿಟ್ಟುಹೋಗಿರುತ್ತದೆ. 45/2 ಇರಬೇಕಾದಲ್ಲಿ ಬರೀ 45 ಎಂದಿದ್ದರೆ ದಾವೆ ಪಕ್ಕದವನ ಜಮೀನನ್ನೂ ಒಳಗೆ ಎಳೆದುಕೊಂಡಂತೆ. ವಿಸ್ತೀರ್ಣದಲ್ಲಿ ಗುಂಟೆಯ ಅಂಕಿ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ನಿಲ್ಲಿ: 40 ಗುಂಟೆಗೆ ಒಂದು ಎಕರೆ, ಆದ್ದರಿಂದ ‘2 ಎಕರೆ 43 ಗುಂಟೆ’ ಎಂಬುದು ಬೆರಳಚ್ಚಿನ ತಪ್ಪೇ. ಚೆಕ್ಕುಬಂದಿಯಲ್ಲಿ (ಜಮೀನಿನ ಗಡಿ ವಿವರ) ನಾಲ್ಕೂ ದಿಕ್ಕು ಇವೆಯೇ, ಕ್ರಯಪತ್ರದಲ್ಲಿ ಪೂರ್ವಕ್ಕಿರುವ ನಾಲೆ ಇಲ್ಲಿ ಪಶ್ಚಿಮಕ್ಕೆ ಹೋಗಿದೆಯೇ ನೋಡಿ. ಗ್ರಾಮ, ಹೋಬಳಿ, ತಾಲ್ಲೂಕು ಮೂರೂ ಇರಲೇಬೇಕು; ಒಂದೇ ಹೆಸರಿನ ಊರು ಬೇರೆ ಹೋಬಳಿಯಲ್ಲೂ ಇರಬಹುದು.

ಆಮೇಲೆ ಸತ್ಯಾಪನೆ, ಅಂದರೆ ಬರೆದದ್ದು ನಿಜವೆಂದು ವಾದಿ ಕೊನೆಯಲ್ಲಿ ಸಹಿ ಹಾಕುವ ಭಾಗ. ಹಳೆಯ ಫೈಲಿನಿಂದ ನಕಲು ಮಾಡಿದ ವಾದಪತ್ರ ಇಲ್ಲಿ ಸಿಕ್ಕಿಬೀಳುತ್ತದೆ: ವಾದಪತ್ರದಲ್ಲಿ 12 ಪ್ಯಾರಾ, ಸತ್ಯಾಪನೆಯಲ್ಲಿ ‘1ರಿಂದ 9’. ಯಾವ ಪ್ಯಾರಾ ಸ್ವಂತ ಅರಿವು, ಯಾವುದು ತಿಳಿದುಬಂದದ್ದು ಎಂದು ಸಂಖ್ಯೆ ಸಹಿತ ಇರಬೇಕು. ಸ್ಥಳ, ದಿನಾಂಕ, ಸಹಿ ಬೇಕು. ಜೊತೆಗೆ ಪ್ರಮಾಣಪತ್ರವೂ (ಅಫಿಡವಿಟ್) ಬೇಕು.

ಆಕ್ಷೇಪಣೆ ಬರೆಯುವಾಗ ‘ಷೆಡ್ಯೂಲ್ ಸರಿಯಿಲ್ಲ’ ಎಂದರೆ ಏನೂ ಬರೆದಂತಾಗಲಿಲ್ಲ. ‘ಐಟಂ 2: ಷೆಡ್ಯೂಲಿನಲ್ಲಿ 1 ಎಕರೆ 12 ಗುಂಟೆ, ಪಹಣಿಯಲ್ಲಿ 1 ಎಕರೆ 2 ಗುಂಟೆ’ ಎಂದು ಬರೆಯಿರಿ. ಇರುವುದನ್ನೆಲ್ಲ ಒಂದೇ ಸಲಕ್ಕೆ ಹೇಳಿ. ಇವತ್ತು ಒಂದು, ಮುಂದಿನ ವಾರ ಇನ್ನೊಂದು ಎಂದರೆ ಮಳವಳ್ಳಿಯಿಂದಲೋ ನಾಗಮಂಗಲದಿಂದಲೋ ಕೂಲಿ ಬಿಟ್ಟು ಬರುವ ಕಕ್ಷಿದಾರರಿಗೆ ಅನ್ಯಾಯ. ಹಾಗೆಂದು ವಕೀಲರ ಕಡೆಯವರು ‘ನೀವೇ ಒಂದು ಸೊನ್ನೆ ತಿದ್ದಿಬಿಡಿ ಸಾರ್’ ಎಂದರೆ ಪೆನ್ನು ಮುಟ್ಟಬೇಡಿ. ತಿದ್ದುವುದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕುವುದು ಅವರ ಕೆಲಸ. ವೈಟ್ನರ್ ಬಳಿದ ಪುಟವನ್ನು ತೆಗೆದುಕೊಳ್ಳಲೇಬೇಡಿ. ದಾವೆ ನಿಲ್ಲುತ್ತದೋ ಇಲ್ಲವೋ ಎಂಬ ಅಭಿಪ್ರಾಯವೂ ನಿಮ್ಮ ಟಿಪ್ಪಣಿಯಲ್ಲಿ ಬೇಡ. ವಾದಪತ್ರ ತಿರಸ್ಕರಿಸುವುದು ನ್ಯಾಯಾಧೀಶರಿಗೆ ಬಿಟ್ಟದ್ದು. ಟಿಪ್ಪಣಿ ಶಿರಸ್ತೇದಾರರ (ಕೋರ್ಟ್ ಕಚೇರಿಯ ಮೇಲಧಿಕಾರಿ) ಮುಂದೆ ಹೋಗಲಿ.

ತಡೆಯಾಜ್ಞೆ ಕೋರಿದ ಅರ್ಜಿ ಇದ್ದರೆ ಕೇವಿಯಟ್ (ತನ್ನ ಮಾತು ಕೇಳದೆ ಆದೇಶ ಕೊಡಬೇಡಿ ಎಂದು ಎದುರು ಕಕ್ಷಿ ಮೊದಲೇ ಸಲ್ಲಿಸಿದ ಮನವಿ) ಇದೆಯೇ ಎಂದು ನೋಡದೆ ಫೈಲು ಮೇಲೆ ಕಳಿಸಬೇಡಿ. ಕೇವಿಯಟ್‌ಗೆ 90 ದಿನ ಜೀವ. ಕಂಪ್ಯೂಟರಿನಲ್ಲಿ ‘ಶಿವಣ್ಣ’ ಎಂದು ಮಾತ್ರ ಹುಡುಕಿ ಬಿಡಬೇಡಿ. ‘ಶಿವಣ್ಣೇಗೌಡ’ ಎಂದೂ, ಇಂಗ್ಲಿಷಿನ ಬೇರೆ ಬೇರೆ ಕಾಗುಣಿತದಲ್ಲೂ ಹುಡುಕಿ. ಇದು ತಪ್ಪಿದರೆ, ಮೊದಲೇ ಬಂದು ತನ್ನ ಮಾತು ಕೇಳಿ ಎಂದವನ ಬೆನ್ನ ಹಿಂದೆ ಆದೇಶವಾಗಿಬಿಡುತ್ತದೆ.

ನೋಂದಣಿಯಾದ ಮೇಲೆ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆಯನ್ನು (ಪ್ರಕರಣದ ವಿಶಿಷ್ಟ ಗುರುತಿನ ಸಂಖ್ಯೆ) ಫೈಲಿನ ಮುಖಪುಟಕ್ಕೆ ಬಾಲ್ ಪೆನ್ನಿನಲ್ಲಿ ಬರೆಯಿರಿ. ಕೆಲವು ಜೆಲ್ ಪೆನ್ನುಗಳ ಶಾಯಿ ಒಂದು ಹನಿ ನೀರಿಗೆ ಹರಡುತ್ತದೆ. ಸ್ಟೇಪ್ಲರ್ ಪಿನ್ ತುಕ್ಕು ಹಿಡಿದು ಕಾಗದ ತಿನ್ನುತ್ತದೆ. ದಬ್ಬಳ, ಹತ್ತಿ ದಾರವೇ ವಾಸಿ. ಎಡ ಅಂಚಿನಿಂದ ಒಂದು ಬೆರಳಗಲ ಬಿಟ್ಟು ಚುಚ್ಚಿ, ಹೊಲಿಗೆ ಅಕ್ಷರದ ಮೇಲೆ ಬೀಳದಿರಲಿ.