ಮೂರು ಪಾಳಿ, ಒಂದು ಹೊಟ್ಟೆ

ನಮ್ಮ ವಾರ್ಡಿನಲ್ಲಿ ರೋಗಿಗಳ ಊಟ ಗಡಿಯಾರ ನೋಡಿಕೊಂಡು ಬರುತ್ತದೆ. ಬೆಳಿಗ್ಗೆ ಎಂಟಕ್ಕೆ ಇಡ್ಲಿ, ಹನ್ನೆರಡೂವರೆಗೆ ಅನ್ನ ಸಾರು, ರಾತ್ರಿ ಏಳೂವರೆಗೆ ಚಪಾತಿ ಪಲ್ಯ. ಆ ತಟ್ಟೆಗಳನ್ನು ಹೊತ್ತಿಗೆ ಸರಿಯಾಗಿ ಖಾಲಿ ಮಾಡಿಸುವ ನರ್ಸುಗಳ ಡಬ್ಬಿ ಮಾತ್ರ ಯಾವಾಗ ತೆರೆಯುತ್ತದೆಯೋ ಯಾರೂ ಹೇಳಲಾರರು.

ಮನೆಗೆ ಹೊರಟ ರೋಗಿಗಳು ಔಷಧಿ ಚೀಟಿ ಮಡಿಸುತ್ತ ಕೇಳುತ್ತಾರೆ: "ಸಿಸ್ಟರ್, ಹಸಿವಾದಾಗ ತಿನ್ನಬೇಕೋ, ಹೊತ್ತಿಗೆ ಸರಿಯಾಗಿ ತಿನ್ನಬೇಕೋ?" ಆಹಾರ ತಜ್ಞರು ಕೊಟ್ಟ ಹಾಳೆಯಲ್ಲಿ ಗಂಟೆ ನಿಮಿಷ ಬರೆದಿರುತ್ತದೆ; ಮೊಬೈಲಿನ ವಿಡಿಯೊದಲ್ಲಿ ದೇಹದ ಮಾತು ಕೇಳಿ ಎಂದಿರುತ್ತದೆ. ಅವರಿಗೆ ಕೊಡುವ ಉತ್ತರ ಅವರವರ ಕಾಯಿಲೆಗೆ ತಕ್ಕಂತೆ ಬೇರೆಯಾಗುತ್ತದೆ. ಇಲ್ಲಿ ಬರೆಯುತ್ತಿರುವುದು ನನ್ನ ಹೊಟ್ಟೆಗೆ ನಾನು ಕಂಡುಕೊಂಡ ದಾರಿಯನ್ನು.

ನನ್ನದು ಸುತ್ತು ಪಾಳಿ. ಒಂದು ವಾರ ಬೆಳಿಗ್ಗೆ ಏಳರಿಂದ ಎರಡು, ಮತ್ತೊಂದು ವಾರ ಎರಡರಿಂದ ರಾತ್ರಿ ಎಂಟು, ಆಮೇಲೆ ರಾತ್ರಿ ಡ್ಯೂಟಿ. ಹಸಿವಾದಾಗ ಮಾತ್ರ ತಿನ್ನುವುದು, ಹಸಿವಿಲ್ಲದಿದ್ದರೆ ಬಿಡುವುದು ಎಂಬ ಕ್ರಮವನ್ನು ಮೊದಲು ಪ್ರಯತ್ನಿಸಿದ್ದೆ. ಕೇಳಲು ಬಹಳ ಹಿತವಾದ ಮಾತು ಅದು. ಮನೆಯಲ್ಲಿ ಕುಳಿತು ಕೆಲಸ ಮಾಡುವವರಿಗೆ ಹೊಂದಿಕೊಳ್ಳಲೂಬಹುದು. ವಾರ್ಡಿನಲ್ಲಿ ಹಾಗಲ್ಲ. ಬೆಳಿಗ್ಗೆ ಇನ್ಸುಲಿನ್, ಇಂಜೆಕ್ಷನ್, ಡಾಕ್ಟರುಗಳ ರೌಂಡ್ಸ್, ಹೊಸ ಅಡ್ಮಿಷನ್ ಎಂದು ಓಡಾಡುತ್ತಿರುವಾಗ ಹಸಿವು ತಲೆಯೇ ಎತ್ತುವುದಿಲ್ಲ. ಧಾವಂತದಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನು ಏರಿರುತ್ತದೆ, ದೇಹ ಜೀರ್ಣದ ಕೆಲಸವನ್ನು ಬದಿಗೆ ಸರಿಸಿರುತ್ತದೆ. ಮಧ್ಯದಲ್ಲಿ ಯಾರೋ ತಂದುಕೊಟ್ಟ ಅರ್ಧ ಲೋಟ ಕಾಫಿ ಉಳಿದ ಹಸಿವನ್ನೂ ಅಡಗಿಸುತ್ತದೆ.

ಹಾಗೆ ಅಡಗಿದ್ದೆಲ್ಲ ಡ್ಯೂಟಿ ಮುಗಿದು ಹೊರಗೆ ಕಾಲಿಟ್ಟೊಡನೆ ಒಟ್ಟಿಗೆ ಎದ್ದು ನಿಲ್ಲುತ್ತಿತ್ತು. ಆಸ್ಪತ್ರೆಯಿಂದ ಮೆಟ್ರೊ ನಿಲ್ದಾಣಕ್ಕೆ ನಡೆಯುವ ದಾರಿಯಲ್ಲಿ ಒಂದು ಅಯ್ಯಂಗಾರ್ ಬೇಕರಿ. ಮೂರು ಗಂಟೆಯ ಹೊತ್ತಿಗೆ ಖಾರದ ಬನ್ನಿನ ತಟ್ಟೆ ಒಲೆಯಿಂದ ಹೊರಬರುತ್ತದೆ. ನಮ್ಮ ಮೆಟ್ರೊ ರೈಲಿನೊಳಗೆ ತಿನ್ನುವಂತಿಲ್ಲವಾದ್ದರಿಂದ ಅಲ್ಲೇ ನಿಂತು, ಅವಸರದಲ್ಲಿ, ಬನ್ನಿನ ಮೇಲೆ ಒಂದು ತುಂಡು ದಿಲ್‌ಪಸಂದನ್ನೂ ಮುಗಿಸಿ ರೈಲು ಹತ್ತುತ್ತಿದ್ದೆ. ವಿಜಯನಗರದಲ್ಲಿ ಇಳಿದು ಮನೆ ಸೇರಿದರೆ ಅತ್ತೆ ಮಾಡಿಟ್ಟ ಸೊಪ್ಪಿನ ಹುಳಿ ಬೇಡವಾಗಿರುತ್ತಿತ್ತು. ರಾತ್ರಿ ಹತ್ತೂವರೆಗೆ ಮತ್ತೆ ಹಸಿವು.

ಇನ್ನೊಂದು ತೊಡಕೂ ಇತ್ತು. ಹಸಿವಾಗಿದೆ ಎಂದು ಹೇಳುವವರು ಯಾರು, ಹೊಟ್ಟೆಯೋ ನಾಲಿಗೆಯೋ? ಬೆಂಗಳೂರಿನಲ್ಲಿ ಈ ಪ್ರಶ್ನೆ ಬೀದಿಗೊಂದು ಸಲ ಏಳುತ್ತದೆ. ಉಂಡು ಹೊರಟವಳಿಗೂ ಗಾಂಧಿ ಬಜಾರಿನಲ್ಲಿ ದೋಸೆಯ ವಾಸನೆ ಬಡಿದರೆ ಬಾಯಲ್ಲಿ ನೀರೂರುತ್ತದೆ. ಹೊಟ್ಟೆ ಒಮ್ಮೆ ಗುರ್ ಎನ್ನಲೂಬಹುದು. ಅದಕ್ಕೆ ನಾನು ಇಟ್ಟುಕೊಂಡಿರುವ ಪರೀಕ್ಷೆ ಮೊಸರನ್ನದ್ದು. ಒಗ್ಗರಣೆಯಿಲ್ಲದ, ಉಪ್ಪಿನಕಾಯಿಯೂ ಇಲ್ಲದ ಬರೀ ಮೊಸರನ್ನ ಈಗ ಎದುರಿಗೆ ಬಂದರೆ ತಿನ್ನುತ್ತೇನೆಯೇ ಎಂದು ಕೇಳಿಕೊಳ್ಳುತ್ತೇನೆ. ಹೌದು ಎಂದಾದರೆ ಹಸಿವು ನಿಜ. ಇಲ್ಲ, ಮಸಾಲೆ ದೋಸೆಯೇ ಬೇಕು ಎಂದರೆ ಅದು ಆಸೆ. ಆಸೆಗೂ ತಿನ್ನಬಾರದೆಂದಲ್ಲ, ತಿಳಿದು ತಿಂದರೆ ಅರ್ಧಕ್ಕೆ ನಿಲ್ಲಿಸಲು ಬರುತ್ತದೆ.

ನರ್ಸಿಂಗ್ ಓದುವಾಗ ಹಸಿವಿನ ಬಗ್ಗೆ ಓದಿದ್ದು ಪರೀಕ್ಷೆಗೆ ಮಾತ್ರ ಸಾಕಾಗಿತ್ತು. ಈ ಗೊಂದಲದ ನಂತರ ಮತ್ತೆ ತೆಗೆದು ಓದಿದೆ. 1912ರಲ್ಲಿ ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ತಮ್ಮ ವಿದ್ಯಾರ್ಥಿ ವಾಶ್‌ಬರ್ನ್ ಜೊತೆ ಒಂದು ಪ್ರಯೋಗ ಮಾಡಿದರು. ಜಠರ ಹಿಂಡುವುದನ್ನು ದಾಖಲಿಸಲು ಕೊಳವೆಗೆ ಕಟ್ಟಿದ ಬಲೂನನ್ನು ವಾಶ್‌ಬರ್ನ್ ನುಂಗಿದರು. ಹಸಿವಿನ ಸಂಕಟ ಆದಾಗಲೆಲ್ಲ ಒಂದು ಗುಂಡಿ ಒತ್ತಿದರು. ಜಠರ ಗಟ್ಟಿಯಾಗಿ ಸಂಕುಚಿಸುವುದಕ್ಕೂ ಆ ಸಂಕಟಕ್ಕೂ ತಾಳೆಯಾಯಿತು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಜಠರವನ್ನೇ ತೆಗೆಸಿಕೊಂಡವರಿಗೂ ಹಸಿವಾಗುತ್ತದೆ. ಹಾಗಾದರೆ ಹಸಿವು ಖಾಲಿ ಚೀಲದ ಸದ್ದು ಮಾತ್ರವಲ್ಲ. 1999ರಲ್ಲಿ ಜಪಾನಿನ ವಿಜ್ಞಾನಿಗಳಾದ ಕೊಜಿಮಾ ಮತ್ತು ಕಂಗಾವಾ ಗ್ರೆಲಿನ್ ಎಂಬ ಹಾರ್ಮೋನನ್ನು ಕಂಡುಹಿಡಿದರು. ಮುಖ್ಯವಾಗಿ ಜಠರದಲ್ಲಿ ತಯಾರಾಗುವ ಇದು ಮಿದುಳಿಗೆ ಹಸಿವಿನ ಸುದ್ದಿ ಮುಟ್ಟಿಸುತ್ತದೆ, ಉಂಡ ಮೇಲೆ ಇಳಿಯುತ್ತದೆ. ನನಗೆ ಮುಖ್ಯವಾಗಿ ಕಂಡದ್ದು ಬೇರೆ: ನಾವು ದಿನವೂ ಉಣ್ಣುವ ಹೊತ್ತು ಯಾವುದೋ, ಅದಕ್ಕೆ ಸ್ವಲ್ಪ ಮುಂಚೆ ಗ್ರೆಲಿನ್ ಏರುತ್ತದೆ. ಹೊತ್ತು ಬದಲಾಯಿಸಿದರೆ ಅದೂ ನಿಧಾನವಾಗಿ ಹೊಸ ಹೊತ್ತಿಗೆ ಒಗ್ಗಿಕೊಳ್ಳುತ್ತದೆ.

ನಮ್ಮ ಬೀದಿಯ ನಾಯಿಗೆ ದಿನವೂ ಸಂಜೆ ಆರಕ್ಕೆ ಬಿಸ್ಕತ್ತು ಹಾಕುತ್ತಾ ಬಂದರೆ ಐದೂಮುಕ್ಕಾಲಿಗೇ ಅದು ಗೇಟಿನ ಬಳಿ ಬಂದು ಕೂರುತ್ತದಲ್ಲ, ಹಸಿವಿನ ಬಾಳೂ ಅಷ್ಟೇ. ಹಸಿವಿನ ಮಾತು ಕೇಳುತ್ತೇನೆ ಎನ್ನುವವರು ನಿನ್ನೆ ಮೊನ್ನೆ ತಾವೇ ಹಾಕಿಕೊಟ್ಟ ವೇಳಾಪಟ್ಟಿಯ ಮಾತನ್ನೇ ಕೇಳುತ್ತಿರುತ್ತಾರೆ. ಹಾಗಿದ್ದಮೇಲೆ ಹಸಿವು, ಗಡಿಯಾರ ಎರಡನ್ನೂ ಎದುರಾಳಿಗಳೆಂದು ನಿಲ್ಲಿಸುವುದರಲ್ಲಿ ನನಗೆ ಅರ್ಥ ಕಾಣಲಿಲ್ಲ.

ಬರೀ ಗಡಿಯಾರದ ಊಟವನ್ನೂ ನೋಡಿದ್ದೇನೆ, ನಮ್ಮ ಮನೆಯಲ್ಲೇ. ಅತ್ತೆಯವರಿಗೆ ಎಂಟು, ಒಂದು, ಎಂಟು ಎಂದರೆ ಎಂಟು, ಒಂದು, ಎಂಟೇ. ತೊಂದರೆ ಇರುವುದು ಆ ಗಂಟೆಗಳಲ್ಲಲ್ಲ, ಅದರ ಜೊತೆ ಅಂಟಿಕೊಂಡು ಬರುವ ಅಳತೆಯಲ್ಲಿ. "ಹೊತ್ತಾಯಿತು, ಹಸಿವಿಲ್ಲ ಅಂದರೆ ಹೇಗಮ್ಮ? ಎರಡು ತುತ್ತು ಉಣ್ಣು" ಎಂದು ಬಡಿಸಲು ಬಂದರೆ ಅದು ಎರಡು ತುತ್ತಾಗಿ ಉಳಿಯುವುದಿಲ್ಲ. ಮುದ್ದೆ ಅಂದರೆ ಒಂದು ಪೂರ್ತಿ ಮುದ್ದೆ. ಬೆಳಿಗ್ಗೆ ಹತ್ತಕ್ಕೆ ಪಕ್ಕದ ಮನೆಯ ಪೂಜೆಯಲ್ಲಿ ಕೇಸರಿಬಾತು ತಿಂದಿದ್ದರೂ ಒಂದು ಗಂಟೆಗೆ ಅದೇ ಮುದ್ದೆ, ಅದೇ ಗಾತ್ರ.

ಆದ್ದರಿಂದ ನಾನು ಅಧಿಕಾರವನ್ನು ಹಂಚಿದೆ. ಯಾವಾಗ ಕೂರಬೇಕು ಎನ್ನುವುದು ಗಡಿಯಾರದ ತೀರ್ಮಾನ. ಎಷ್ಟು ಉಣ್ಣಬೇಕು ಎನ್ನುವುದು ಹೊಟ್ಟೆಯ ತೀರ್ಮಾನ. ಅದರಲ್ಲಿ ಅತ್ತೆಗೂ ಗಡಿಯಾರಕ್ಕೂ ಪ್ರವೇಶವಿಲ್ಲ. ಹೊತ್ತಾದಾಗ ಹಸಿವಿಲ್ಲದಿದ್ದರೂ ಕೂರುತ್ತೇನೆ, ಒಂದು ಬಾಳೆಹಣ್ಣು ತಿಂದು ಎದ್ದರೂ ಆಯಿತು. ಗಂಟೆ ಎಂದರೆ ಹನ್ನೆರಡೂವರೆಯ ಮುಳ್ಳಲ್ಲ, ಮುಕ್ಕಾಲು ಗಂಟೆ ಹಿಂದೆ ಮುಂದೆ ಆಗಬಹುದಾದ ಅವಕಾಶ. ಈ ಊರಿನ ಸಂಚಾರದಲ್ಲಿ ಅದಕ್ಕಿಂತ ಬಿಗಿಯಾದ ನಿಯಮ ಎರಡು ದಿನವೂ ಬಾಳುವುದಿಲ್ಲ.

ಬೆಳಗಿನ ಪಾಳಿಯಲ್ಲಿ ಒಂಬತ್ತೂವರೆ ನನ್ನ ತಿಂಡಿಯ ಹೊತ್ತು. ಆ ಹೊತ್ತಿಗೆ ಔಷಧಿ ಕೊಟ್ಟು ಮುಗಿದಿರುತ್ತದೆ, ರೌಂಡ್ಸ್ ಇನ್ನೂ ನಮ್ಮ ಕಡೆಗೆ ಬಂದಿರುವುದಿಲ್ಲ. ಜೊತೆಯವರೊಬ್ಬರಿಗೆ ನನ್ನ ಹಾಸಿಗೆಗಳನ್ನು ನೋಡಿಕೊಳ್ಳಲು ಹೇಳಿ ಹತ್ತು ನಿಮಿಷ ಕೂರುತ್ತೇನೆ. ಅವರು ಕೂತಾಗ ನಾನು ನೋಡಿಕೊಳ್ಳುತ್ತೇನೆ. ಈ ಒಪ್ಪಂದವಿಲ್ಲದೆ ಯಾವ ವೇಳಾಪಟ್ಟಿಯೂ ವಾರ್ಡಿನಲ್ಲಿ ನಡೆಯದು. ಶುರುವಿನಲ್ಲಿ ಆ ಹೊತ್ತಿಗೆ ಹಸಿವೇ ಇರುತ್ತಿರಲಿಲ್ಲ, ಎರಡು ಚಮಚ ಅವಲಕ್ಕಿ ತಿಂದು ಮುಚ್ಚಿಡುತ್ತಿದ್ದೆ. ಕೆಲವು ವಾರಗಳಲ್ಲಿ ಒಂಬತ್ತೂಕಾಲಿಗೇ ಹೊಟ್ಟೆ ನೆನಪಿಸಲು ಕಲಿತಿತು. ಬೇಕರಿಯ ಮುಂದೆ ಈಗಲೂ ನಡೆಯುತ್ತೇನೆ. ಖಾರದ ಬನ್ನಿನ ಮೇಲೆ ನನಗೇನೂ ವೈರಾಗ್ಯ ಬಂದಿಲ್ಲ, ಆದರೆ ಮಧ್ಯಾಹ್ನದ ಊಟ ಮನೆಯಲ್ಲಿ ಕಾದಿದೆ ಎಂದು ಹೊಟ್ಟೆಗೆ ಗೊತ್ತಿರುವುದರಿಂದ ಅದು ಗಲಾಟೆ ಮಾಡುವುದಿಲ್ಲ.

ಎಷ್ಟು ಉಣ್ಣಬೇಕು ಎಂಬುದನ್ನು ಹೊಟ್ಟೆಗೆ ಬಿಡುವುದು ಹೇಳಿದಷ್ಟು ಸುಲಭವಲ್ಲ. ಸಾಕು ಎಂಬ ಸೂಚನೆ ಮಿದುಳಿಗೆ ತಲುಪಲು ಹೊತ್ತು ಹಿಡಿಯುತ್ತದೆ, ನರ್ಸುಗಳು ಅಷ್ಟರಲ್ಲಿ ಕೈ ತೊಳೆದಿರುತ್ತೇವೆ. ಇದಕ್ಕೆ ನಮ್ಮ ಊಟದ ಕ್ರಮದಲ್ಲೇ ಒಂದು ಒಳ್ಳೆಯ ತಂಗುದಾಣವಿದೆ. ಸಾರಿನ ಅನ್ನ ಮುಗಿದ ಮೇಲೆ, ಮೊಸರಿಗೆ ಅನ್ನ ಹಾಕಿಕೊಳ್ಳುವ ಮೊದಲು, ಕೈ ನಿಲ್ಲಿಸಿ ಸುಮ್ಮನೆ ಕೂರುತ್ತೇನೆ. ಮನೆಯವರ ಜೊತೆ ಮಾತು, ಒಂದು ಗುಟುಕು ನೀರು. ಆಮೇಲೆ ಇನ್ನೊಂದು ಸೌಟು ಅನ್ನ ಬೇಕೋ, ಮಜ್ಜಿಗೆ ಕುಡಿದು ಏಳಬಹುದೋ ಎಂದು ನೋಡುತ್ತೇನೆ. ಬಹಳ ಸಲ ಮಜ್ಜಿಗೆಯೇ ಗೆಲ್ಲುತ್ತದೆ. ಇಡೀ ಊಟವನ್ನು ಒಂದೇ ತಟ್ಟೆಗೆ ಸುರಿದುಕೊಂಡು ತಿನ್ನುವ ದಿನ ಈ ನಿಲುಗಡೆ ಸಿಗುವುದಿಲ್ಲ, ಲೆಕ್ಕವೂ ತಪ್ಪುತ್ತದೆ.

ಮಧ್ಯಾಹ್ನದ ಪಾಳಿ ಸುಲಭ. ಹನ್ನೆರಡೂವರೆಗೆ ಮನೆಯಲ್ಲಿ ಊಟ, ಐದೂವರೆಗೆ ಕಡಲೆಕಾಳಿನ ಉಸಲಿ, ಒಂಬತ್ತೂವರೆಗೆ ಹಗುರವಾಗಿ ಏನಾದರೂ.

ರಾತ್ರಿ ಡ್ಯೂಟಿಯೇ ಕಠಿಣ. ಏಳು ಗಂಟೆಗೆ ಮನೆಯಲ್ಲಿ ಉಂಡು ಹೊರಡುತ್ತೇನೆ. ಹನ್ನೊಂದರ ತನಕ ಕೆಲಸ, ಆಮೇಲೆ ಎರಡರ ಹೊತ್ತಿಗೆ ನಿದ್ದೆ ಬಾರದಿರಲೆಂದು ತಿನ್ನುವ ಚಟ. ಯಾರಾದರೂ ಬಿರಿಯಾನಿ ತರಿಸಿದ್ದರೆ ಕೇಳುವುದೇ ಬೇಡ. ನಡುರಾತ್ರಿಯಲ್ಲಿ ದೇಹ ಸಕ್ಕರೆಯನ್ನು ಹಗಲಿನಷ್ಟು ಚೆನ್ನಾಗಿ ನಿಭಾಯಿಸುವುದಿಲ್ಲ. ಅದೇ ಅನ್ನ ರಾತ್ರಿ ತಿಂದರೆ ರಕ್ತದ ಸಕ್ಕರೆ ಹೆಚ್ಚು ಏರುತ್ತದೆ. ಹಾಗಾಗಿ ಇಲ್ಲಿ ಹಸಿವಿನ ಮಾತನ್ನು ಪೂರ್ತಿ ನಂಬುವುದಿಲ್ಲ. ಒಂದು ಗಂಟೆಗೆ ಮಜ್ಜಿಗೆ, ಒಂದು ಹಿಡಿ ಹುರಿದ ಕಡಲೆಬೀಜ, ಅಷ್ಟೇ. ಹಸಿವು ಅಲೆಯಂತೆ ಏರಿ ಇಳಿಯುತ್ತದೆ ಎಂಬುದು ಗೊತ್ತಿದ್ದರೆ ಕಾಯಲು ಧೈರ್ಯ ಬರುತ್ತದೆ. ಬೆಳಿಗ್ಗೆ ಮುಂದಿನ ಪಾಳಿಯವರಿಗೆ ಕೆಲಸ ಒಪ್ಪಿಸುವ ಹ್ಯಾಂಡ್‌ಓವರ್ ಮುಗಿಸಿ ದರ್ಶಿನಿಯಲ್ಲಿ ಒಂದು ಪ್ಲೇಟ್ ಇಡ್ಲಿ ತಿಂದು ಮನೆಗೆ ಹೋಗಿ ಮಲಗುತ್ತೇನೆ. ಕಾಫಿ ಇಲ್ಲ. ಕುಡಿದ ಕಾಫಿಯ ಅರ್ಧ ಕೆಫೀನ್ ದೇಹದಿಂದ ಹೋಗಲು ಐದು ಗಂಟೆಯ ಹತ್ತಿರ ಬೇಕು, ಅಷ್ಟರಲ್ಲಿ ನನ್ನ ನಿದ್ದೆಯ ಹೊತ್ತೇ ಮುಗಿದಿರುತ್ತದೆ.

ಈ ಹಂಚಿಕೆ ಎಲ್ಲರಿಗೂ ಒಪ್ಪುವುದಿಲ್ಲ. ನಮ್ಮ ಮಾವನವರಿಗೆ ಸಕ್ಕರೆ ಕಾಯಿಲೆ. ದಿನಕ್ಕೆರಡು ಸಲ ಇನ್ಸುಲಿನ್. ಚುಚ್ಚಿಕೊಂಡು ಅರ್ಧ ಗಂಟೆಗೆ ಉಣ್ಣಬೇಕು. ಒಂದು ಸಂಜೆ ಇಂಜೆಕ್ಷನ್ ಆದ ಮೇಲೆ "ಹಸಿವಿಲ್ಲ, ಈ ವಾರ್ತೆ ಮುಗಿಯಲಿ" ಎಂದು ಕೂತರು. ವಾರ್ತೆ ಮುಗಿಯುವ ಹೊತ್ತಿಗೆ ಮೈಯೆಲ್ಲ ಬೆವರು, ಕೈ ನಡುಕ, ಮಾತು ತಡವರಿಕೆ. ಮೀಟರಿನಲ್ಲಿ ರಕ್ತದ ಸಕ್ಕರೆ 58 ತೋರಿಸಿತು. 70ಕ್ಕಿಂತ ಕೆಳಗಿಳಿದರೆ ಕಾಯುವಂತಿಲ್ಲ. ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿದೆ, ಹದಿನೈದು ನಿಮಿಷಕ್ಕೆ ಮತ್ತೆ ಪರೀಕ್ಷಿಸಿದೆ, ಏರಿದ ಮೇಲೆ ಊಟ ಬಡಿಸಿದೆ. ಇನ್ಸುಲಿನ್ ತೆಗೆದುಕೊಳ್ಳುವವರು, ಸಕ್ಕರೆ ಇಳಿಸುವ ಗ್ಲಿಮೆಪಿರೈಡ್‌ನಂತಹ ಮಾತ್ರೆ ನುಂಗುವವರು ಹಸಿವಿಗೆ ಕಾಯುತ್ತ ಕೂರಬಾರದು. ಅವರಿಗೆ ಹೊತ್ತು ಮಾತ್ರವಲ್ಲ, ಅನ್ನದ ಅಳತೆಯೂ ಹೆಚ್ಚುಕಡಿಮೆ ಒಂದೇ ಇರಬೇಕಾಗುತ್ತದೆ. ಏಕಾದಶಿಗೆ ಉಪವಾಸ ಮಾಡುವ ಮನಸ್ಸಿದ್ದರೆ ಡಾಕ್ಟರ ಬಳಿ ದಶಮಿಗೂ ಮುಂಚೆ ಹೋಗಬೇಕು. ಅತ್ತೆಯವರ ವಯಸ್ಸಿನವರ ವಿಷಯವೂ ಬೇರೆಯೇ. ವಯಸ್ಸಾದಂತೆ ಹಸಿವು, ಬಾಯಾರಿಕೆ ಎರಡೂ ಮಂಕಾಗುತ್ತವೆ. ಅವರ ಎಂಟು, ಒಂದು, ಎಂಟು ಅವರನ್ನು ಕಾಪಾಡುತ್ತಿದೆ ಎಂದೇ ಈಗ ನನ್ನ ಅಭಿಪ್ರಾಯ. ನನ್ನ ತಟ್ಟೆಗೆ ಬಡಿಸದಿದ್ದರೆ ಸಾಕು.

ಹಸಿವಿನ ವೇಷದಲ್ಲಿ ಬರುವ ಇನ್ನೊಂದನ್ನೂ ಹೇಳಬೇಕು. ಈ ಊರಿನಲ್ಲಿ ಹೊಟ್ಟೆಯ ಯಾವ ತೊಂದರೆಗೂ ಗ್ಯಾಸ್ಟ್ರಿಕ್ ಎಂದೇ ಹೆಸರು. ಕಾರಣ ಕೇಳಿದರೆ ಹೊತ್ತಿಗೆ ಸರಿಯಾಗಿ ತಿನ್ನಲಿಲ್ಲ ಎನ್ನುತ್ತಾರೆ. ಹೊಟ್ಟೆಯ ಹುಣ್ಣಿಗೆ ಬಹುಪಾಲು ಕಾರಣ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯ ಮತ್ತು ನೋವಿನ ಮಾತ್ರೆಗಳು. ಆ ಬ್ಯಾಕ್ಟೀರಿಯವನ್ನು ಪತ್ತೆ ಮಾಡಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್‌ಗೆ 2005ರಲ್ಲಿ ನೊಬೆಲ್ ಬಂತು. ಸಣ್ಣ ಕರುಳಿನ ಆರಂಭದಲ್ಲಿ ಆಗುವ ಹುಣ್ಣಿನ ನೋವು ತಿಂದರೆ ಶಮನವಾಗುತ್ತದೆ, ರಾತ್ರಿ ಎಬ್ಬಿಸುತ್ತದೆ. ನಮ್ಮ ಜೊತೆಯ ಸಿಸ್ಟರೊಬ್ಬರು ನಡುರಾತ್ರಿ ಬಿಸ್ಕತ್ತು ತಿನ್ನುವುದನ್ನು ಎಲ್ಲರೂ ತಮಾಷೆ ಮಾಡುತ್ತಿದ್ದೆವು. ಕೊಳವೆ ಇಳಿಸಿ ಹೊಟ್ಟೆಯ ಒಳಗನ್ನು ನೋಡುವ ಎಂಡೋಸ್ಕೋಪಿಯಲ್ಲಿ ಹುಣ್ಣು ಕಂಡಿತು. ಉರಿಯನ್ನು ಹಸಿವೆಂದು ತಿಳಿದು ಬಿಸ್ಕತ್ತಿನಿಂದ ಸಮಾಧಾನ ಮಾಡುತ್ತಿರುವವರು ಒಮ್ಮೆ ತೋರಿಸಿಕೊಳ್ಳುವುದು ಒಳ್ಳೆಯದು.

ನನ್ನ ಕ್ರಮದಲ್ಲಿ ಇನ್ನೂ ಸರಿಹೋಗದ ಒಂದು ಭಾಗವೆಂದರೆ ಪಾಳಿ ಬದಲಾಗುವ ದಿನಗಳು. ಒಂದು ವಾರದಲ್ಲಿ ಹಸಿವು ಹೊಸ ಹೊತ್ತನ್ನು ಕಲಿತು ಮುಗಿಸುವಷ್ಟರಲ್ಲಿ ಪಟ್ಟಿ ಬದಲಾಗಿರುತ್ತದೆ. ಬೆಳಗಿನ ಪಾಳಿಯ ಮೊದಲ ಎರಡು ದಿನ ರಾತ್ರಿ ಒಂದಕ್ಕೆ ಎಚ್ಚರವಾಗಿ ಮಜ್ಜಿಗೆ ನೆನಪಾಗುತ್ತದೆ. ವಾರಕ್ಕೊಮ್ಮೆ ಬದಲಿಸುವ ಬದಲು ರಾತ್ರಿ ಪಾಳಿಯನ್ನು ಎರಡೆರಡು ವಾರ ಒಟ್ಟಿಗೆ ಕೊಡಿ ಎಂದು ಇನ್‌ಚಾರ್ಜ್ ಸಿಸ್ಟರಿಗೆ ಕೇಳಿದ್ದೇನೆ. ಚಿಕ್ಕ ಮಕ್ಕಳಿರುವ ಸಹೋದ್ಯೋಗಿಗಳಿಗೆ ಇದು ಒಪ್ಪಿಗೆಯಿಲ್ಲ, ಅವರ ಕಷ್ಟವೂ ಸುಳ್ಳಲ್ಲ. ಮುಂದಿನ ತಿಂಗಳ ಪಟ್ಟಿಯಲ್ಲಿ ಒಪ್ಪುವವರಿಗೆ ಮಾತ್ರ ಹಾಗೆ ಹಾಕಿ ನೋಡೋಣ ಎಂದಿದ್ದಾರೆ.