ಸೈನೈಡ್ ಗುಡ್ಡದ ಅಂಚಿನ ಜಾಗವನ್ನು ಬಳಕೆಗೆ ತರುವ ಮುನ್ನ

ಕೆಜಿಎಫ್‌ನ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಆದರೆ ಅದಿರನ್ನು ಅರೆದು ಸೈನೈಡ್ ದ್ರಾವಣದಲ್ಲಿ ಚಿನ್ನ ತೆಗೆದ ಮೇಲೆ ಸುರಿದ ಸುಮಾರು 3.3 ಕೋಟಿ ಟನ್ ಹುಡಿ 13 ಗುಡ್ಡಗಳಾಗಿ ಕಾರ್ಮಿಕರ ಲೈನ್ ಮನೆಗಳ ಆಸುಪಾಸಿನಲ್ಲೇ ಉಳಿದಿದೆ. ಈ ಗುಡ್ಡಗಳ ಅಂಚಿನ ಖಾಲಿ ಜಾಗದಲ್ಲಿ ಮೈದಾನವನ್ನೋ ಉದ್ಯಾನವನ್ನೋ ಮಾಡಬಯಸುವ ನಿವಾಸಿಗಳ ಸಂಘಗಳು ಸಸಿ ತರುವುದಕ್ಕೆ ಮೊದಲು ಮುಗಿಸಬೇಕಾದ ಕೆಲಸಗಳಿವೆ.

ಮೊದಲು ಸರ್ವೆ ನಂಬರು ಮತ್ತು ಪಹಣಿಯಿಂದ ಜಾಗದ ಒಡೆತನವನ್ನು ಖಚಿತಪಡಿಸಿಕೊಳ್ಳಿ. ಗಣಿ ಪ್ರದೇಶದ ಬಹುಪಾಲು ನೆಲ ಕೇಂದ್ರದ ಭಾರತ್ ಗೋಲ್ಡ್ ಮೈನ್ಸ್ ಕಂಪನಿಗೆ ಸೇರಿದೆ. ಈ ಗುಡ್ಡಗಳಿಂದ ಮತ್ತೆ ಚಿನ್ನ ತೆಗೆಯುವ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿರುವುದರಿಂದ, ನಿಮ್ಮ ಜಾಗವು ಆ ವ್ಯಾಪ್ತಿಯೊಳಗಿದೆಯೇ ಎಂಬುದನ್ನೂ ಲಿಖಿತವಾಗಿ ಕೇಳಿ.

ಅನಂತರ ಬಡಾವಣೆಯ ಕಾಯಿಲೆಗಳ ಕಡೆಗೆ ನೋಡಿ. ವಿಷವಸ್ತುಗಳಿಂದ ಆರೋಗ್ಯಕ್ಕಾಗುವ ತೊಂದರೆಗಳನ್ನು ನೋಡಿಕೊಳ್ಳುವ ಅಮೆರಿಕದ ಎಟಿಎಸ್‌ಡಿಆರ್ ಎಂಬ ಸರ್ಕಾರಿ ಸಂಸ್ಥೆ ಇಂಥ ಜಾಗಗಳಿಗಾಗಿ ನಾಲ್ಕು ಪ್ರಶ್ನೆಗಳನ್ನು ಮುಂದಿಡುತ್ತದೆ: ಜನರ ತೊಂದರೆಗಳೇನು, ಜಾಗದ ಹೊಸ ಬಳಕೆಯಿಂದ ಅವು ಹೇಗೆ ನೀಗುತ್ತವೆ, ಆರೋಗ್ಯಕ್ಕೆ ಏನು ಲಾಭ, ಅದನ್ನು ಅಳೆಯಲು ಯಾವ ಮಾಹಿತಿ ಬೇಕು. ಆಶಾ ಕಾರ್ಯಕರ್ತೆಯರನ್ನು ಜೊತೆಗಿಟ್ಟುಕೊಂಡು ಇವನ್ನು ಕೇಳಿ. ಹಳೆಯ ಗಣಿ ಕಾರ್ಮಿಕರಲ್ಲಿ ಸಿಲಿಕೋಸಿಸ್ ಅನ್ನು, ಅಂದರೆ ಕಲ್ಲಿನ ಸಿಲಿಕಾ ಹುಡಿ ಉಸಿರಾಡಿ ಬರುವ ಶ್ವಾಸಕೋಶದ ಕಾಯಿಲೆಯನ್ನು, ಕ್ಷಯವೆಂದು ತಪ್ಪಾಗಿ ತಿಳಿಯುವುದುಂಟು. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ತಗಲುವ ಸಾಧ್ಯತೆಯೂ ಹೆಚ್ಚು. ಆದ್ದರಿಂದ ಕೆಮ್ಮಿನ ಲೆಕ್ಕದ ಜೊತೆಗೆ ಆ ವ್ಯಕ್ತಿ ಗಣಿಯಲ್ಲಿ ಯಾವ ಕೆಲಸ ಮಾಡುತ್ತಿದ್ದರೆಂಬುದನ್ನೂ ಬರೆದುಕೊಳ್ಳಬೇಕು.

ಮಣ್ಣಿನ ಪರೀಕ್ಷೆಯಲ್ಲಿ ಜಿಪುಣತನ ಬೇಡ. ರೈತರಿಗೆ ಮಾಡಿಕೊಡುವ ಸಾಮಾನ್ಯ ಮಣ್ಣು ಪರೀಕ್ಷೆ ಸಾರಜನಕ, ರಂಜಕ, ಪೊಟ್ಯಾಷ್‌ಗಳನ್ನು ತೋರಿಸುತ್ತದೆಯೇ ಹೊರತು ಆರ್ಸೆನಿಕ್ ಅಥವಾ ಸೀಸವನ್ನಲ್ಲ. ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಆರ್ಸೆನಿಕ್, ಸೀಸದಂಥ ಭಾರಲೋಹ, ಸೈನೈಡ್ ಮತ್ತು ಆಮ್ಲೀಯತೆಯನ್ನು ನೋಡಿಸಿ. ಮೇಲ್ಮಣ್ಣು, ಒಳಮಣ್ಣು, ಹತ್ತಿರದ ಕೊಳವೆಬಾವಿಯ ನೀರು ಮೂರನ್ನೂ ಕೊಡಿ. ಜನ ಹೆದರುವುದು ಸೈನೈಡ್‌ಗೆ, ಆದರೆ ಲೋಹಗಳ ಜೊತೆ ಬೆಸೆದುಕೊಳ್ಳದ ಮುಕ್ತ ಸೈನೈಡ್ ಬಿಸಿಲು ಗಾಳಿಗೆ ಕ್ರಮೇಣ ಒಡೆಯುತ್ತದೆ. ಲೋಹಗಳು ಹಾಗೆ ಹೋಗುವುದಿಲ್ಲ. ನುಣ್ಣನೆಯ ಸಿಲಿಕಾ ಹುಡಿ ಗಾಳಿ ಎದ್ದಾಗಲೆಲ್ಲ ಮನೆಯೊಳಗೆ ಬರುತ್ತದೆ.

ಬಳಕೆಯನ್ನು ಫಲಿತಾಂಶ ನೋಡಿಯೇ ತೀರ್ಮಾನಿಸಿ. ಲೋಹಗಳು ಕಂಡುಬಂದ ನೆಲದಲ್ಲಿ ಸೊಪ್ಪು, ಗೆಡ್ಡೆ, ರಾಗಿ ಬೆಳೆಯಬಾರದು, ದನವನ್ನೂ ಮೇಯಿಸಬಾರದು. ಮೈದಾನವಾದರೆ ಮುಂದೆ ಅಗೆಯುವವರಿಗೆ ಕೆಳಗೆ ಹಳೆಯ ಹುಡಿಯಿದೆಯೆಂದು ತಿಳಿಯುವಂತೆ ಅದರ ಮೇಲೆ ಗುರುತಿಗೊಂದು ಜಾಲರಿ ಹಾಸಿ, ಅದರ ಮೇಲೆ ಜೇಡಿಮಣ್ಣು ಮತ್ತು ಹೊರಗಿನಿಂದ ತಂದ ಶುದ್ಧ ಮಣ್ಣಿನ ದಪ್ಪ ಹೊದಿಕೆ ಹಾಕಿ ಹುಲ್ಲು ಬೆಳೆಸಬೇಕು. ಇಳಿಜಾರಿಗೆ ಆಳವಾಗಿ ಬೇರುಬಿಡುವ ಲಾವಂಚ ಒಳ್ಳೆಯದು. ಹೊದಿಕೆಯ ದಪ್ಪವನ್ನು ಗುತ್ತಿಗೆದಾರರ ಅಂದಾಜಿಗೆ ಬಿಡದೆ ಪರಿಸರ ಎಂಜಿನಿಯರರಿಂದ ಬರೆಸಿಕೊಳ್ಳಿ. ಕೆಲಸದ ದಿನಗಳಲ್ಲಿ ನೆಲ ಒದ್ದೆಯಾಗಿರಲಿ, ಕೂಲಿಯವರಿಗೆ ಎನ್-95 ಮಾಸ್ಕ್ ಇರಲಿ, ಮಕ್ಕಳು ಹತ್ತಿರ ಸುಳಿಯದಿರಲಿ.

ಮಳೆಗಾಲ ಮುಗಿದಾಗಲೆಲ್ಲ ಹೊದಿಕೆ ಕೊರೆದುಹೋಗಿದೆಯೇ ಎಂದು ನೋಡಿ ಮುಚ್ಚುವ ಹೊಣೆ ಮತ್ತು ಅದರ ಖರ್ಚು ಯಾರದೆಂಬುದು ನಗರಸಭೆಯ ನಿರ್ಣಯದಲ್ಲಿ ಮೊದಲೇ ದಾಖಲಾಗಿರಬೇಕು.